ಆಟಿಸಂ ಒಂದೇ, ಅನುಭವ ಬೇರೆ ಬೇರೆ: ಏನಿದು ಇಂಟರ್‌ಸೆಕ್ಷನಾಲಿಟಿ?

ಆಟಿಸಂ ಇರುವ ಮಗು ಎಂದ ಕೂಡಲೇ ಬಹುತೇಕರ ಕಣ್ಣ ಮುಂದೆ ಬರುವುದು ಒಬ್ಬ ಹುಡುಗ. ಹುಡುಗಿಯರು, ಬಡವರ ಮಕ್ಕಳು, ದಲಿತರು ಆ ಚಿತ್ರದಲ್ಲಿ ಕಾಣುವುದು ಅಪರೂಪ. ಕಣ್ಣಿಗೆ ಬೀಳದವರಿಗೆ ತಪಾಸಣೆಯೂ ತಡ, ಸೌಲಭ್ಯವೂ ತಡ. ಆಟಿಸಂ ಹಕ್ಕುಗಳ ಚಳವಳಿಯಲ್ಲಿ ಕೇಳಿಬರುವ 'ಇಂಟರ್‌ಸೆಕ್ಷನಾಲಿಟಿ' ಎಂಬ ಪದ ಪ್ರಶ್ನಿಸುವುದು ಇದನ್ನೇ.

ಪದ ಬಂದಿದ್ದು ಎಲ್ಲಿಂದ?

1989ರಲ್ಲಿ ಅಮೆರಿಕದ ಕಾನೂನು ಪ್ರಾಧ್ಯಾಪಕಿ ಕಿಂಬರ್ಲೆ ಕ್ರೆನ್‌ಶಾ ಈ ಪದ ಬಳಸಿದರು. ಜನರಲ್ ಮೋಟಾರ್ಸ್ ವಿರುದ್ಧ ಐವರು ಕಪ್ಪು ಮಹಿಳೆಯರು ಹೂಡಿದ್ದ ಮೊಕದ್ದಮೆ ಅವರು ಕೊಟ್ಟ ಉದಾಹರಣೆಗಳಲ್ಲೊಂದು. ಕಂಪನಿ ಮಹಿಳೆಯರಿಗೆ ಕೆಲಸ ಕೊಟ್ಟಿದೆಯಲ್ಲ ಎಂದಿತು ಕೋರ್ಟ್. ಆದರೆ 1964ಕ್ಕೂ ಮೊದಲು ಕೆಲಸ ಸಿಕ್ಕಿದ್ದು ಬಿಳಿ ಮಹಿಳೆಯರಿಗೆ ಮಾತ್ರ. ಬಣ್ಣ ಮತ್ತು ಲಿಂಗ ಎರಡೂ ಸೇರಿ ಆದ ತಾರತಮ್ಯವನ್ನು ಕೋರ್ಟ್ ಒಪ್ಪಲಿಲ್ಲ. ಎರಡು ಗುರುತುಗಳು ಸೇರುವ ಜಾಗದಲ್ಲಿ ಆಗುವ ಇಂಥ ಅನ್ಯಾಯಕ್ಕೆ ಕ್ರೆನ್‌ಶಾ ಹೆಸರು ಕೊಟ್ಟರು.

ಆಟಿಸಂಗೆ ಏನು ಸಂಬಂಧ?

1943ರಲ್ಲಿ ವೈದ್ಯ ಲಿಯೋ ಕ್ಯಾನರ್ ಆಟಿಸಂ ಬಗ್ಗೆ ಬರೆದಾಗ ವಿವರಿಸಿದ್ದ 11 ಮಕ್ಕಳಲ್ಲಿ 8 ಮಂದಿ ಹುಡುಗರು. ನಂತರದ ಅಧ್ಯಯನಗಳಲ್ಲೂ ಹುಡುಗರೇ ಹೆಚ್ಚು. ಹೀಗಾಗಿ, ಗೆಳತಿಯರನ್ನು ಅನುಕರಿಸಿ ತನ್ನ ಕಷ್ಟ ಮುಚ್ಚಿಡುವ ಹುಡುಗಿ 'ನಾಚಿಕೆ ಸ್ವಭಾವದವಳು' ಎನಿಸಿಕೊಂಡು ತಪಾಸಣೆಯಿಂದ ಹೊರಗೇ ಉಳಿಯಬಹುದು.

ಅಮೆರಿಕದ ಸಿಡಿಸಿ ವರದಿಗಳಲ್ಲಿ ಬಹಳ ವರ್ಷ ಬಿಳಿ ಮಕ್ಕಳಲ್ಲೇ ಆಟಿಸಂ ಹೆಚ್ಚಾಗಿ ಕಾಣುತ್ತಿತ್ತು. 2023ರ ವರದಿಯಲ್ಲಿ ಮೊದಲ ಬಾರಿಗೆ ಕಪ್ಪು, ಹಿಸ್ಪಾನಿಕ್ ಮತ್ತು ಏಷ್ಯನ್ ಮೂಲದ ಮಕ್ಕಳ ಪ್ರಮಾಣ ಬಿಳಿ ಮಕ್ಕಳಿಗಿಂತ ಹೆಚ್ಚಿತ್ತು. ತಪಾಸಣೆ ಮತ್ತು ಅರಿವು ಸುಧಾರಿಸಿದ್ದು ಇದಕ್ಕೆ ಕಾರಣ ಇರಬಹುದು ಎಂದಿತು ಸಂಸ್ಥೆ.

ಚಳವಳಿಯೊಳಗೂ ಪ್ರಶ್ನೆ

ಆಟಿಸಂ ಇರುವವರ ಬಗ್ಗೆ ಅವರೇ ಮಾತನಾಡಬೇಕು ಎಂಬ ದನಿ 1990ರ ದಶಕದಲ್ಲಿ ಜಿಮ್ ಸಿಂಕ್ಲೇರ್ ಅವರಂಥವರಿಂದ ಗಟ್ಟಿಯಾಯಿತು. ಆದರೆ ಆ ವೇದಿಕೆಗಳಲ್ಲಿ ಬಿಳಿಯರೇ ಹೆಚ್ಚು ಎಂಬ ಟೀಕೆ ಬಂತು. 2017ರಲ್ಲಿ ಲಿಡಿಯಾ ಬ್ರೌನ್, ಇ. ಆಶ್ಕೆನಾಜಿ ಮತ್ತು ಮೊರೆನಿಕೆ ಗೀವಾ ಒನೈವು ಸಂಪಾದಿಸಿದ 'ಆಲ್ ದ ವೇಟ್ ಆಫ್ ಅವರ್ ಡ್ರೀಮ್ಸ್' ಸಂಕಲನದಲ್ಲಿ ಬರೆದವರು ಆಟಿಸಂ ಇರುವ, ಬಿಳಿಯರಲ್ಲದ ಲೇಖಕರು.

ಭಾರತದಲ್ಲಿ ಏನಿದೆ?

ಇಲ್ಲಿ ಬಣ್ಣದ ಜಾಗದಲ್ಲಿ ಜಾತಿ, ವರ್ಗ, ಭಾಷೆ ಬರುತ್ತವೆ. 1995ರ ಅಂಗವಿಕಲರ ಕಾಯ್ದೆಯ 7 ವೈಕಲ್ಯಗಳಲ್ಲಿ ಆಟಿಸಂ ಇರಲಿಲ್ಲ. 2016ರ ಕಾಯ್ದೆಯ 21ರಲ್ಲಿ ಇದೆ. 2021ರಲ್ಲಿ ಅಂಧ ದಲಿತ ಮಹಿಳೆಯ ಮೇಲಿನ ಅತ್ಯಾಚಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಜಾತಿ, ಲಿಂಗ, ಅಂಗವೈಕಲ್ಯ ಮೂರನ್ನೂ ಒಟ್ಟಾಗಿ ನೋಡಬೇಕು ಎಂದು ಹೇಳಿ, ಇಂಟರ್‌ಸೆಕ್ಷನಾಲಿಟಿಯನ್ನು ವಿವರವಾಗಿ ಚರ್ಚಿಸಿತು.

ಹೊರರಾಜ್ಯದ ಕನ್ನಡಿಗರಿಗೆ

ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ, ತಮಿಳು ಅಥವಾ ಹಿಂದಿ ಇರುವಾಗ ಮಗುವಿನ ಮಾತು ತಡವಾದರೆ 'ಭಾಷೆ ಜಾಸ್ತಿಯಾಗಿ ಗೊಂದಲವಾಗಿದೆ' ಎಂದು ಸುಮ್ಮನಾಗುವುದುಂಟು. ಹೆಚ್ಚು ಭಾಷೆಗಳಿಂದ ಆಟಿಸಂ ಬರುವುದಿಲ್ಲ. ಆಟಿಸಂ ಇರುವ ಮಕ್ಕಳಿಗೂ ಎರಡು ಭಾಷೆಗಳಿಂದ ಹಾನಿ ಕಂಡುಬಂದಿಲ್ಲ ಎನ್ನುತ್ತವೆ ಅಧ್ಯಯನಗಳು. ಹಾಗಾಗಿ ಕನ್ನಡ ಬಿಡಿಸಬೇಕಿಲ್ಲ, ತಪಾಸಣೆಯನ್ನು ಮುಂದೂಡಲೂಬೇಡಿ. ಮನೆಮಾತು ಯಾವುದು ಎಂಬುದನ್ನು ವೈದ್ಯರಿಗೆ ಮೊದಲೇ ತಿಳಿಸಿ. ಆಟಿಸಂ ದೃಢಪಟ್ಟರೆ ದೇಶದೆಲ್ಲೆಡೆ ಮಾನ್ಯವಾಗಿರುವ ಯುಡಿಐಡಿ ಕಾರ್ಡ್‌ಗೆ ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು.