ಕಾಯ್ದಿರಿಸು

‘ಕಾಯ್’ ಧಾತುವಿನೊಡನೆ ‘ಇರಿಸು’ ಸೇರಿ ನಿಷ್ಪನ್ನವಾದ ಈ ಕ್ರಿಯಾಪದದ ಪೂರ್ವಾರ್ಧದಲ್ಲಿ ರಕ್ಷಿಸುವುದು, ನಿರೀಕ್ಷಿಸುವುದು ಎಂಬ ಅರ್ಥದ್ವಯವು ಅಡಗಿದ್ದು, ಕಾವಲು, ಕಾಪು ಮೊದಲಾದ ಮಾತುಗಳೆಲ್ಲ ಅದರ ಒಡಹುಟ್ಟುಗಳೇ ಆಗಿವೆ. ದೇವರಿಗೆಂದು ಮುಟ್ಟದೆ ತೆಗೆದಿಟ್ಟುದು ಮೀಸಲು. ಬರಲಿರುವ ಮನುಷ್ಯನಿಗೆಂದು ಹಿಡಿದಿಟ್ಟುದು ಕಾಯ್ದಿರಿಸಿದುದು. ಬಸ್ ನಿಲ್ದಾಣದ ಫಲಕಗಳಲ್ಲಿ ನೆಲೆನಿಂತಿರುವ ಈ ಪದವು ಜನರ ನಾಲಗೆಯಲ್ಲಿ ‘ಬುಕ್ ಮಾಡು’ ಎಂಬುದಕ್ಕೆ ಸೋತಿದ್ದರೂ ಅರ್ಥಸೂಕ್ಷ್ಮತೆಯಲ್ಲಿ ಅದಕ್ಕಿಂತ ಮೇಲೆಂದೇ ನನ್ನ ಎಣಿಕೆ. ಏಕೆಂದರೆ ಪುಸ್ತಕದಲ್ಲಿ ಹೆಸರು ಬರೆದ ಮಾತ್ರಕ್ಕೆ ಕೋಣೆಯು ಕಾಯಲ್ಪಡುವುದಿಲ್ಲ.

ಮಡಿಕೇರಿಯ ಹೋಂಸ್ಟೇಗಳನ್ನೇ ನೋಡಿರಿ. ಒಂದೇ ಕೋಣೆಯು ಏರ್‌ಬಿಎನ್‌ಬಿಯಲ್ಲಿಯೂ ಬುಕಿಂಗ್ ಡಾಟ್ ಕಾಮ್‌ನಲ್ಲಿಯೂ ಏಕಕಾಲಕ್ಕೆ ತೆರೆದಿರುವಾಗ ಎರಡರ ಕ್ಯಾಲೆಂಡರುಗಳನ್ನು ಬೆಸೆಯುವುದು ಐಕ್ಯಾಲ್ ಎಂಬ ಕೊಂಡಿ. 1998ರಲ್ಲಿ ಅಂತರಜಾಲದ ಮಾನಕವಾಗಿ ರೂಪುಗೊಂಡು 2009ರಲ್ಲಿ ಪರಿಷ್ಕೃತವಾದ ಈ ವಿನ್ಯಾಸವು ದಿನಾಂಕಗಳನ್ನು ಸರಳ ಅಕ್ಷರಗಳ ಕಡತವಾಗಿ ಮುಂದಿಡುತ್ತದೆಯೇ ಹೊರತು ಕೋಣೆ ತುಂಬಿತೆಂದು ತಾನಾಗಿ ಕೂಗಿ ಹೇಳುವುದಿಲ್ಲ. ಎದುರಿನ ತಾಣವೇ ತನ್ನ ಸರದಿಗೆ ಬಂದು ಓದಿಕೊಳ್ಳಬೇಕು. ಆ ನಡುಗಾಲದಲ್ಲಿ ದಸರೆಯ ರಾತ್ರಿಯೊಂದು ಇಬ್ಬರ ಪಾಲಾಗುವುದು ಅಸಂಭವವೇನಲ್ಲ. ಆದುದರಿಂದಲೇ ಜಾಗರೂಕನಾದ ಮಾಲಿಕನು, ‘ರೂಮ್ ಖಾಲಿ ಇದೆಯಾ ಸಾರ್?’ ಎಂದು ಫೋನಿನಲ್ಲಿ ಕೇಳಿದವರಿಗೆ ಇದೆಯೆಂದು ಮಾತು ಕೊಟ್ಟೊಡನೆ ಆ ದಿನವನ್ನು ಎರಡೂ ಕಡೆ ಕೈಯಾರೆ ಮುಚ್ಚಿಬಿಡುತ್ತಾನೆ. ಒಂದೆಡೆ ತುಂಬಿದುದನ್ನು ಉಳಿದೆಡೆಗಳಿಗೆ ನೇರವಾಗಿ ತಿಳಿಸುವ ಚಾನೆಲ್ ಮ್ಯಾನೇಜರ್ ಎಂಬ ತಂತ್ರಾಂಶವೂ ಉಂಟು. ಒಂದೆರಡು ಕೋಣೆಗಳವರಿಗೆ ಅದರ ಶುಲ್ಕವೇ ಭಾರ.