ಅವಲಾಂಚಿಯ ಟ್ರೌಟ್ ಮೀನೂ ನಮ್ಮ ನಾಲ್ಕು ಜನರ ಹಾಡೂ

ನಮ್ಮ ಕುಂದೆ ಸೀಮೆಯಲ್ಲಿ ನಾವು ನಾಲ್ಕು ಗೆಳೆಯರು ವರ್ಷಕ್ಕೆ ಎರಡು ಹಬ್ಬಕ್ಕೆ ಕಾಯ್ತಿದ್ವಿ. ಒಂದು ಹೆತ್ತೆ ಹಬ್ಬ. ಅದು ಊರಿಗೆಲ್ಲ ಗೊತ್ತು. ಇನ್ನೊಂದಕ್ಕೆ ಪೂಜೆ ಇಲ್ಲ, ಪೂಜಾರಿ ಇಲ್ಲ. ಹೆತ್ತೆ ಹಬ್ಬ ಕಳೆದು, ಬೆಳಗಿನ ಹೊತ್ತು ಹುಲ್ಲಿನ ಮೇಲೆ ಬೀಳೋ ಬಿಳೀ ಹಿಮ ಕಮ್ಮಿಯಾಗಿ, ಆಲೂಗೆಡ್ಡೆಗೆ ಹೊಲ ಅಗೆಯೋ ಹೊತ್ತಿಗೆ ಅದು ಬರೋದು. ಅದು ಟ್ರೌಟ್ ಮೀನು ಹಿಡಿಯೋ ಕಾಲ.

ಹೋದ ವರ್ಷ ವಾಚನಾಲಯದ ಜಗಲಿ ಮೇಲೆ ಕೂತು ನಾನು ಈ ಮಾತು ಹೇಳ್ತಿದ್ದಾಗ ಶಾಲೆಗೆ ಹೋಗೋ ಒಬ್ಬ ಹುಡುಗ ಕೇಳಿದ, "ಅಜ್ಜ, ಅದು ನಮ್ಮ ಮೀನಾ?" ನನಗೆ ತಟ್ಟನೆ ಉತ್ತರ ಬರಲಿಲ್ಲ. ನಾನು ಓದಿದ್ದು ಏಳನೇ ತರಗತಿ, ಅದೂ ತಮಿಳಿನಲ್ಲಿ. ಕನ್ನಡ ಅಕ್ಷರ ಕಲಿಸಿದ್ದು ನಮ್ಮಜ್ಜ. ಅವರ ಕಾಲದಲ್ಲಿ ಈ ಬೆಟ್ಟದ ಮಿಷನ್ ಶಾಲೆಗಳಲ್ಲಿ ಕನ್ನಡ ಹೇಳಿಕೊಡ್ತಿದ್ರು. ಹೊಲ ಮಾಡೋದು, ಹಾಡು ಹೇಳೋದು, ಇಷ್ಟೇ ನನಗೆ ಬರೋದು. ಆದರೂ ಆ ಹುಡುಗನ ಪ್ರಶ್ನೆಗೆ ಉತ್ತರ ಕೊಡಬೇಕು ಅಂತ ಇದನ್ನ ಬರೀತಿದ್ದೀನಿ.

ಮೊದಲು ಮೀನಿನ ವಿಷಯ ಹೇಳ್ತೀನಿ. ಟ್ರೌಟ್ ನಮ್ಮ ನೀಲಗಿರಿಯ ಮೀನಲ್ಲ. ಕಂದು ಟ್ರೌಟ್ ಯುರೋಪಿನದು. ನಮ್ಮಲ್ಲಿ ನಿಂತಿರೋದು ಕಾಮನಬಿಲ್ಲಿನ ಟ್ರೌಟ್. ಅದರ ಪಕ್ಕೆಯ ಮೇಲೆ ತಲೆಯಿಂದ ಬಾಲದವರೆಗೆ ಗುಲಾಬಿ ಬಣ್ಣದ ಪಟ್ಟೆ ಇರುತ್ತೆ. ಅದರ ತವರು ಅಮೇರಿಕದ ಪಶ್ಚಿಮ ದಿಕ್ಕಿನ ಹಳ್ಳಗಳು. ಈ ಮೀನಿಗೆ ತಣ್ಣಗೆ ಹರಿಯೋ ತಿಳಿನೀರೇ ಬೇಕು. ನೀರು ಬೆಚ್ಚಗಾದರೆ ಅದಕ್ಕೆ ಉಸಿರು ಕಟ್ಟುತ್ತೆ. ಬಯಲು ಸೀಮೆಯ ಕೆರೆಗೆ ಬಿಟ್ಟರೆ ಬದುಕೋದಿಲ್ಲ. ನಮ್ಮ ಮುಕುರ್ತಿ ಶಿಖರ 2,554 ಮೀಟರ್ ಎತ್ತರ ಇದೆ. ಅದರ ಸುತ್ತಿನ ಹುಲ್ಲುಗಾವಲು, ಶೋಲೆ ಕಾಡಿನಿಂದ ಇಳಿಯೋ ಹಳ್ಳಗಳು ಬೇಸಿಗೆಯಲ್ಲೂ ಕೈ ಮರಗಟ್ಟಿಸ್ತವೆ. ಊಟಿಯಲ್ಲಿ ಮನೆ ಕಟ್ಟಿಕೊಂಡ ಇಂಗ್ಲಿಷರು ಈ ನೀರು ನೋಡಿ ತಮ್ಮ ಊರಿನ ಮೀನು ನೆನೆಸಿಕೊಂಡರು.

ಮೊದಲು ಪ್ರಯತ್ನ ಮಾಡಿದವರು ಫ್ರಾನ್ಸಿಸ್ ಡೇ. ಮದರಾಸಿನ ಸೈನ್ಯದಲ್ಲಿ ವೈದ್ಯರಾಗಿದ್ದವರು, ಮುಂದೆ ಇಂಡಿಯಾದ ಮೀನುಗಳ ಬಗ್ಗೆ ದೊಡ್ಡ ಗ್ರಂಥ ಬರೆದವರು. 1863ರಲ್ಲಿ ಅವರು ಟ್ರೌಟ್ ತರೋದಕ್ಕೆ ನೋಡಿದರು, ಆಗಲಿಲ್ಲ. ಆಗಿನ ದಾರಿ ಹೇಗಿತ್ತು ಯೋಚನೆ ಮಾಡಿ. ಸೂಯೆಜ್ ಕಾಲುವೆ ತೆರೆದಿದ್ದೇ 1869ರಲ್ಲಿ. ಮೇಟುಪಾಳ್ಯಕ್ಕೆ ರೈಲು ಬಂದಿದ್ದು 1873ರಲ್ಲಿ. ಮೊಟ್ಟೆಯನ್ನ ಒದ್ದೆ ಪಾಚಿಯಲ್ಲಿ ಸುತ್ತಿ ಮಂಜುಗಡ್ಡೆಯ ತಣುವಿನಲ್ಲಿ ತರಬೇಕು. ಕೆಂಪು ಸಮುದ್ರದ ಸೆಕೆ, ಆಮೇಲೆ ಬಯಲಿನ ಬಿಸಿಲು, ಎತ್ತಿನ ಗಾಡಿ. ಮಂಜುಗಡ್ಡೆ ಕರಗಿದರೆ ಮೊಟ್ಟೆ ಸತ್ತ ಹಾಗೇ. 1864ರಲ್ಲಿ ಇಂಗ್ಲೆಂಡಿನಿಂದ ಟಾಸ್ಮೇನಿಯಾಕ್ಕೆ ಹಡಗಿನಲ್ಲಿ ಮಂಜುಗಡ್ಡೆ ತುಂಬಿಸಿ ಟ್ರೌಟ್ ಮೊಟ್ಟೆ ಸಾಗಿಸಿದರು, ಅಲ್ಲಿ ಮರಿ ಆಯ್ತು. ನಮ್ಮ ಬೆಟ್ಟ ಮಾತ್ರ ಇನ್ನೂ ನಲವತ್ತು ವರ್ಷ ಕಾಯಬೇಕಾಯ್ತು.

ಒಂದು ಸಂಗತಿ ಕೇಳಿದರೆ ನಿಮಗೆ ನಗು ಬರಬಹುದು. ಮೀನಿಗಿಂತ ಮುಂಚೆ ಕಾನೂನು ಬಂತು. 1879ರಲ್ಲಿ ಮದರಾಸು ಸರ್ಕಾರ ನೀಲಗಿರಿಯ ಬೇಟೆ ಪ್ರಾಣಿ ಮತ್ತು ಮೀನು ರಕ್ಷಣೆಗೆ ಅಂತ ಕಾಯಿದೆ ಮಾಡಿತು. ಹೊರಗಿನಿಂದ ತಂದು ಬಿಟ್ಟ ಮೀನಿಗೂ ಅದರಲ್ಲಿ ರಕ್ಷಣೆ ಇತ್ತು. ಊಟಿ ಕೆರೆಯಲ್ಲಿ ಬೇರೆ ಪರದೇಶಿ ಮೀನುಗಳಿದ್ದವು, ನಿಜ. ಆದರೆ ಟ್ರೌಟ್ ಇಲ್ಲಿ ನೆಲೆ ನಿಲ್ಲೋದಕ್ಕೆ ಇನ್ನೂ ಇಪ್ಪತ್ತೆಂಟು ವರ್ಷ ಬೇಕಿತ್ತು. ಬಾರದ ನೆಂಟನಿಗೆ ಬಾಗಿಲಲ್ಲಿ ಕಾವಲುಗಾರನನ್ನ ನಿಲ್ಲಿಸಿದ ಹಾಗೆ.

1899ರಲ್ಲಿ ಕೂನೂರಿಗೆ ಬೆಟ್ಟದ ರೈಲು ಬಂತು. ಸರ್ಕಾರದ ಮೀನು ತಜ್ಞರಾಗಿದ್ದ ಎಚ್. ಸಿ. ವಿಲ್ಸನ್ 1907ರಲ್ಲಿ ಅವಲಾಂಚಿಯಲ್ಲಿ ಮೀನುಮರಿ ಕೇಂದ್ರ ಶುರು ಮಾಡಿದರು. ಸಿಲೋನಿನ ಬೆಟ್ಟದಲ್ಲಿ ಆಗಲೇ ಟ್ರೌಟ್ ಇತ್ತು. ಅಲ್ಲಿಂದ ತಂದದ್ದು ಇಲ್ಲಿ ನಿಂತಿತು. ಅತ್ತ ಕಾಶ್ಮೀರಕ್ಕೆ 1900ರಲ್ಲಿ ಸ್ಕಾಟ್‌ಲೆಂಡಿನಿಂದ ಟ್ರೌಟ್ ಬಂದಿತ್ತು. ದಕ್ಷಿಣದಲ್ಲಿ ನಮ್ಮ ನೀಲಗಿರಿ, ಆ ಕಡೆ ಮೂನಾರು, ಈ ಎರಡು ಎತ್ತರದ ಬೆಟ್ಟದಲ್ಲೇ ಅದು ಹೆಸರಾಯ್ತು.

ಇಷ್ಟೂ ಪುಸ್ತಕದಲ್ಲಿ ಸಿಗುತ್ತೆ. ಪುಸ್ತಕದಲ್ಲಿ ಇಲ್ಲದ್ದು ನಮ್ಮಪ್ಪನ ಕೆಲಸ. ಅಪ್ಪ ಸುಗ್ಗಿ ಇಲ್ಲದ ದಿನಗಳಲ್ಲಿ ಮೀನುಮರಿ ಕೆಲಸಕ್ಕೆ ದಿನಗೂಲಿಗೆ ಹೋಗ್ತಿದ್ರು. ಚಳಿಗಾಲದಲ್ಲಿ ಹೆಣ್ಣು ಮೀನಿನ ಹೊಟ್ಟೆಯನ್ನ ಮೆಲ್ಲಗೆ ಸವರಿ ಮೊಟ್ಟೆ ಇಳಿಸಿಕೊಂಡು, ಗಂಡಿನ ಹಾಲು ಬೆರೆಸಿ, ಗರಿಯಿಂದ ಕಲಸೋರು. ಕೈ ಗಡುಸಾದರೆ ಮೊಟ್ಟೆ ಕೆಡುತ್ತೆ. ಆಮೇಲೆ ತಟ್ಟೆಯಲ್ಲಿ ಹರವಿ ಮೇಲೆ ತಣ್ಣೀರು ಹರಿಯೋ ಹಾಗೆ ಬಿಡೋರು. ಸತ್ತ ಮೊಟ್ಟೆ ಬೆಳ್ಳಗಾಗುತ್ತೆ. ಅದನ್ನ ದಿನಾ ಒಂದೊಂದಾಗಿ ಆರಿಸಿ ತೆಗೀಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿದು ಪಕ್ಕದ್ದೂ ಹೋಗುತ್ತೆ. ಸುಮಾರು ಒಂದು ತಿಂಗಳಿಗೆ ಮರಿ ಹೊರಗೆ ಬರುತ್ತೆ, ಹೊಟ್ಟೆಗೆ ಬುತ್ತಿ ಕಟ್ಟಿಕೊಂಡೇ. ಆ ಬುತ್ತಿ ಕರಗೋವರೆಗೆ ಅದಕ್ಕೆ ಬೇರೆ ಊಟ ಬೇಡ.

ಮರಿ ಬೆರಳುದ್ದ ಆದ ಮೇಲೆ ತಗಡಿನ ಡಬ್ಬದಲ್ಲಿ ನೀರು ತುಂಬಿ, ತಲೆ ಮೇಲೆ ಹೊತ್ತು, ದೂರದ ಹಳ್ಳಗಳಿಗೆ ಬಿಟ್ಟು ಬರಬೇಕು. ಇಲ್ಲಿ ಒಂದು ಗುಟ್ಟು ಇದೆ. ಡಬ್ಬದ ನೀರು ಅಲುಗ್ತಾ ಇರಬೇಕು. ಅಲುಗಿದರೆ ನೀರಿಗೆ ಗಾಳಿ ಸೇರುತ್ತೆ, ಮರಿಗೆ ಉಸಿರು ಸಿಗುತ್ತೆ. ಹೊತ್ತವರು ದಣಿದು ಡಬ್ಬ ಇಳಿಸಿ ಕೂತುಬಿಟ್ಟರೆ ಮರಿ ಸಾಯುತ್ತೆ. ಅದಕ್ಕೇ ಅಪ್ಪನ ಜೊತೆಯವರು ಹಾಡು ಕಟ್ಟಿಕೊಂಡಿದ್ದರು. ಒಬ್ಬ ಎತ್ತಿಕೊಟ್ಟರೆ ಹಿಂದಿನವರು ಸೊಲ್ಲು ಹಿಡಿಯೋರು. ಹಾಡಿನ ತಾಳಕ್ಕೆ ಹೆಜ್ಜೆ, ಹೆಜ್ಜೆಗೆ ನೀರು. "ನಾವು ಹಾಡಿದ್ದು ನಮ್ಮ ದಣಿವಿಗಲ್ಲಪ್ಪ, ಮೀನಿನ ಉಸಿರಿಗೆ" ಅಂತ ಅಪ್ಪ ಹೇಳ್ತಿದ್ರು. ವಿಲ್ಸನ್ ಅವರ ಹೆಸರು ಪುಸ್ತಕದಲ್ಲಿದೆ, ಇರಬೇಕಾದ್ದೇ. ಡಬ್ಬ ಹೊತ್ತವರ ಹೆಸರು ಎಲ್ಲೂ ಇಲ್ಲ. ಅವರ ಗುರುತು ಅಂತ ಉಳಿದಿರೋದು ಆ ಹಾಡಿನ ಧಾಟಿ ಒಂದೇ.

ಮೀನು ಹಿಡಿಯೋಕೆ ಲೈಸೆನ್ಸ್ ಬೇಕಿತ್ತು. ಬಿಳಿಯರ ಕಾಲದಲ್ಲಿ ನಮ್ಮ ಹಟ್ಟಿಯವರು ಹೋಗ್ತಿದ್ದದ್ದು ಬುಟ್ಟಿ ಹೊರೋದಕ್ಕೆ, ದಾರಿ ತೋರಿಸೋದಕ್ಕೆ. ಅವರು ಗಾಳಕ್ಕೆ ಹುಳು ಚುಚ್ಚುತ್ತಿರಲಿಲ್ಲ. ಗರಿ, ನೂಲು ಸುತ್ತಿ ನೊಣದ ಹಾಗೆ ಮಾಡಿ ನೀರಿನ ಮೇಲೆ ಬೀಸೋರು. ಆ ನೊಣಕ್ಕೆ ನಮ್ಮ ಕಾಡುಕೋಳಿ ಹುಂಜದ ಕತ್ತಿನ ಗರಿ ಅಂದ್ರೆ ಅವರಿಗೆ ಪ್ರಾಣ. ಇಂಗ್ಲೆಂಡಿನವರೆಗೂ ಅದಕ್ಕೆ ಗಿರಾಕಿ. ಕೊಂದು ಕೊಂದು ಕೋಳಿ ಕಮ್ಮಿಯಾಗಿ, ಕೊನೆಗೆ ನಮ್ಮ ಸರ್ಕಾರವೇ ಆ ಗರಿ ಪರದೇಶಕ್ಕೆ ಹೋಗದ ಹಾಗೆ ತಡೆಯಬೇಕಾಯ್ತು.

ಸ್ವಾತಂತ್ರ್ಯ ಬಂದ ಮೇಲೆ ಟೀ ತೋಟದವರು, ವೆಲ್ಲಿಂಗ್ಟನ್ನಿನ ಸೈನ್ಯದವರು ಬರ್ತಿದ್ರು. ನನಗೆ ಪ್ರಾಯ ಬಂದಾಗ ನಮಗೂ ಆಸೆ ಆಯ್ತು. ನಾವು ನಾಲ್ಕು ಜನ ದುಡ್ಡು ಕೂಡಿಸಿ ಊಟಿಗೆ ಹೋಗಿ ಒಂದೇ ಒಂದು ಲೈಸೆನ್ಸ್ ತಂದ್ವಿ. ನಾನು ಬಡಗ. ಒಬ್ಬ ಕೋತ. ಒಬ್ಬ ತೊದವ. ನಾಲ್ಕನೆಯವನು ತಮಿಳಿನವನು, ಅವನಪ್ಪ ಕುಂದೆಯ ಅಣೆಕಟ್ಟು ಕೆಲಸಕ್ಕೆ ಬಯಲಿನಿಂದ ಬಂದು ಇಲ್ಲೇ ನಿಂತವರು. ಲೈಸೆನ್ಸ್ ಇದ್ದವನು ಒಬ್ಬ, ಗಾಳದ ಕೋಲು ಒಂದು. ಉಳಿದ ಮೂವರಿಗೆ ಏನು ಕೆಲಸ? ಹಾಡೋದು.

ಹಗಲು ಮೆಲ್ಲಗೆ ನಡೀಬೇಕು. ದಡದ ಮೇಲೆ ಕಾಲು ದಬ್ ಅಂತ ಇಟ್ಟರೆ ನೆಲದ ನಡುಕ ನೀರಿಗೆ ಹೋಗಿ ಮೀನು ಬಂಡೆ ಅಡಿಗೆ ಸೇರುತ್ತೆ. ಮಾತಿಗೆ ಅದು ಅಷ್ಟು ಹೆದರೋದಿಲ್ಲ. ಸಂಜೆ ಬೆಂಕಿ ಹಾಕಿ ಕೂತರೆ ನಮ್ಮ ಸಭೆ. ಮೀನು ಎಂದೂ ಬುಟ್ಟಿ ತುಂಬಿದ್ದಿಲ್ಲ. ಎರಡು ಸಿಕ್ಕರೆ ಮೂವರು ಹಂಚಿಕೊಳ್ತಿದ್ವಿ. ತೊದವ ಗೆಳೆಯ ಮೀನು ಮುಟ್ಟೋನಲ್ಲ, ಅವರದು ಹಾಲು ಮಜ್ಜಿಗೆಯ ಮನೆತನ. "ನೀವು ಮುಳ್ಳು ಆರಿಸಿ, ನಾನು ಅಷ್ಟರಲ್ಲಿ ಎರಡು ಹಾಡು ಮುಗಿಸ್ತೀನಿ" ಅಂತ ನಗ್ತಿದ್ದ. ಅವನ ಹಾಡು ಎಮ್ಮೆಯ ಮೇಲೆ, ಬೆಟ್ಟದ ಮೇಲೆ, ಗಂಟಲ ಆಳದಿಂದ ತುಂಡು ತುಂಡಾಗಿ ಬರೋದು. ತಮಿಳು ಗೆಳೆಯನದು ಸಿನಿಮಾ ಹಾಡು. 1976ರಲ್ಲಿ ಇಳಯರಾಜ ಅವರ ಮೊದಲ ಸಿನಿಮಾ ಅನ್ನಕ್ಕಿಳಿ ಬಂದಾಗ ಅವನು ಇನ್ನೂ ಹುಡುಗ, ಅದರ ಹಾಡೆಲ್ಲ ಬಾಯಿಪಾಠ ಮಾಡಿಕೊಂಡಿದ್ದ. ನಾನು ನಮ್ಮ ಹಳೇ ಕಥೆ ಹಾಡು ಹೇಳಿ, ಅಪ್ಪನ ಡಬ್ಬದ ಹಾಡಿನಿಂದ ಮುಗಿಸ್ತಿದ್ದೆ.

ಕೋತ ಗೆಳೆಯ ಕೊಳಲು ಊದ್ತಿದ್ದ. ಅವನ ಬಗ್ಗೆ ನಾನು ಸ್ವಲ್ಪ ಹೆಚ್ಚೇ ಹೇಳಬೇಕು. ಹಿಂದೆ ನಮ್ಮ ಬಡಗರ ಹಬ್ಬಕ್ಕೂ ಸಾವಿಗೂ ಕೋತರ ವಾದ್ಯ ಬೇಕೇ ಬೇಕಿತ್ತು. ಅವರು ವಾದ್ಯ, ಕಬ್ಬಿಣದ ಕೆಲಸ, ಮಡಕೆ ಕೊಟ್ಟರೆ ನಾವು ಧಾನ್ಯ ಕೊಡ್ತಿದ್ವಿ. 1930ರ ದಶಕದ ಆಸುಪಾಸಿನಲ್ಲಿ ಆ ಕೊಡುಕೊಳ್ಳುವಿಕೆ ಮುರಿದುಬಿತ್ತು. ಆ ಹಳೇ ದಿನಗಳಲ್ಲೂ ನಾವು ಅವರನ್ನ ಸರಿಸಮ ಕೂರಿಸಿಕೊಂಡಿರಲಿಲ್ಲ, ಅದನ್ನೂ ಮುಚ್ಚಿಡಬಾರದು. ನಮ್ಮಜ್ಜ ಕೂತು ಕೇಳಿದ ವಾದ್ಯವನ್ನ ಅವನ ಅಜ್ಜ ದೂರ ನಿಂತು ನುಡಿಸಿದ್ದರು. ಹಳ್ಳದ ದಡದಲ್ಲಿ ಅವನೂ ನಾನೂ ಒಂದೇ ಕಂಬಳಿ ಹೊದ್ದು ಕೂತೆವು. ನನ್ನ ಹಾಡಿಗೆ ಅವನು ಊದಿದ, ಅವನ ಧಾಟಿಗೆ ನಾನು ಮಾತು ಹಾಕಿದೆ. ಧಾನ್ಯದ ಲೆಕ್ಕ ಇರಲಿಲ್ಲ. ಟ್ರೌಟ್ ಮೀನಿನ ನೆಪ ಇಲ್ಲದಿದ್ದರೆ ನಾವಿಬ್ಬರೂ ಹಾಗೆ ಕೂರ್ತಿದ್ವಾ? ನನಗೆ ನಂಬಿಕೆ ಇಲ್ಲ.

ಹಳ್ಳಗಳು ಬದಲಾದವು. ಕೆನಡಾ ದೇಶದ ನೆರವಿನಿಂದ ಕುಂದೆ ವಿದ್ಯುತ್ ಯೋಜನೆ ಬಂದು, 1960ರ ದಶಕದಲ್ಲಿ ಅವಲಾಂಚಿ, ಎಮರಾಲ್ಡ್, ಮೇಲಿನ ಭವಾನಿ ಅಣೆಕಟ್ಟುಗಳು ಎದ್ದವು. ಅಪ್ಪ ಮರಿ ಬಿಟ್ಟ ಎಷ್ಟೋ ಮಡು ಈಗ ಕೆರೆಯ ತಳ. ದೀಪ ಬಂತು, ಅದನ್ನೂ ಹೇಳಬೇಕು. ವರೆಯಾಡಿನ ರಕ್ಷಣೆಗೆ ಅಂತ 1990ರಲ್ಲಿ ಮುಕುರ್ತಿ ರಾಷ್ಟ್ರೀಯ ಉದ್ಯಾನ ಆಯ್ತು. ಅದರೊಳಗೆ ಗಾಳ ಹಾಕೋದು ನಿಂತಿತು. ಆಗ ನನಗೆ ಹೊಟ್ಟೆ ಉರೀತು. ಈಗ ಯೋಚಿಸಿದರೆ ತಪ್ಪು ಅನ್ನಿಸೋದಿಲ್ಲ. ಈ ಬೆಟ್ಟ ಬಿಟ್ಟು ಬೇರೆಲ್ಲೂ ಇಲ್ಲದ ಕಪ್ಪೆಗಳು ನಮ್ಮ ಹಳ್ಳದಲ್ಲಿವೆ. ಟ್ರೌಟ್ ಕಪ್ಪೆಮರಿಯನ್ನೂ ಬಿಡೋದಿಲ್ಲ, ನೀರಿನ ಹುಳುವನ್ನೂ ಬಿಡೋದಿಲ್ಲ. ನಾವು ಹಾಡಿಕೊಂಡು ಹೊತ್ತು ತಂದದ್ದು ಇನ್ನೊಬ್ಬರ ಮನೆಗೆ ಕಷ್ಟ ತಂತೋ ಏನೋ ಅನ್ನೋ ಮಾತು ಅಪ್ಪನಿಗೆ ಹೊಳೆದಿರಲಿಲ್ಲ. ನನಗೂ ತಡವಾಗಿ ಹೊಳೀತು.

ಗಾಳದ ಕೋಲು ಅಟ್ಟ ಸೇರಿತು. ಅದರ ಜೊತೆ ನಾವು ಕೂರೋದೂ ನಿಂತಿತು. ಬೇರೆ ಯಾವುದಾದರೂ ದಿನ ಸೇರಬಹುದಿತ್ತು, ಯಾರು ಬೇಡ ಅಂದರು? ಆದರೆ ಇವತ್ತು ಹೋಗೋಣ, ನಾಳೆ ಹೋಗೋಣ ಅಂತ ವರ್ಷಗಳು ಕಳೆದವು. 2019ರ ಆಗಸ್ಟಿನಲ್ಲಿ ಅವಲಾಂಚಿಯಲ್ಲಿ ಒಂದೇ ದಿನಕ್ಕೆ 80 ಸೆಂಟಿಮೀಟರಿಗಿಂತ ಹೆಚ್ಚು ಮಳೆ ಸುರೀತಲ್ಲ, ಆ ವರ್ಷ ರಸ್ತೆ ಕುಸಿದು ದಾರಿ ಕಟ್ಟಾಗಿದ್ದಾಗಲೇ ಕೋತ ಗೆಳೆಯ ತೀರಿಕೊಂಡ. ಮಣ್ಣಿಗೆ ನಾನು ಹೋಗಲಾಗಲಿಲ್ಲ. ಅವನು ಊದ್ತಿದ್ದ ಧಾಟಿಗಳಲ್ಲಿ ನನಗೆ ನೆನಪಿರೋದು ಮೂರು. ಅವನಿಗೆ ಎಷ್ಟು ಬರ್ತಿತ್ತು ಅಂತ ನಾನು ಒಂದು ಸಲವೂ ಎಣಿಸಲಿಲ್ಲ.

ಆಮೇಲೆ ಉಳಿದ ಮೂವರೂ ಒಂದು ಮಾತಿಗೆ ಬಂದ್ವಿ. ಮೀನು ಬೇಡ, ಕಾಲ ಬಿಡೋದು ಬೇಡ. ಈಗ ಹೆತ್ತೆ ಹಬ್ಬ ಕಳೆದ ಮೇಲಿನ ಮೊದಲ ಭಾನುವಾರ ಸೇರ್ತೀವಿ. ಕೋತ ಗೆಳೆಯನ ಮಗ ಕೊಳಲು ತರ್ತಾನೆ. ಅಪ್ಪನ ಜಾಗದಲ್ಲೇ ಕೂರ್ತಾನೆ. ಆ ಮೂರು ಧಾಟಿ ನಾನು ಬಾಯಲ್ಲಿ ಹೇಳಿದರೆ ಅವನು ಕೊಳಲಿಗೆ ಹತ್ತಿಸಿಕೊಳ್ತಾನೆ. ಎರಡು ಬಂದಿವೆ, ಒಂದು ಇನ್ನೂ ಬಾಕಿ.

ಮಗು, ನೀನು ಕೇಳಿದೆಯಲ್ಲ, ಅದು ನಮ್ಮ ಮೀನಾ ಅಂತ. ಅಲ್ಲಪ್ಪ, ಮೀನು ನಮ್ಮದಲ್ಲ. ಯಾರದೋ ಆಸೆಗೆ ಯಾವುದೋ ದೇಶದಿಂದ ಬಂತು. ಆದರೆ ಅದನ್ನ ಹೊತ್ತ ಹಾಡು ನಮ್ಮದು, ಅದಕ್ಕೆ ಕಾದ ಕಾಲ ನಮ್ಮದು, ಕಾಯ್ತಾ ಜೊತೆಗೆ ಕೂತವರು ನಮ್ಮವರು.

ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಈ ಸಲದ ಭಾನುವಾರ ಮಕ್ಕಳನ್ನ ಕರಕೊಂಡು ಬನ್ನಿ. ಫೋನಿನಲ್ಲಿ ಹಾಡು ಹಿಡಿದುಕೊಳ್ಳಲಿ. ಡಬ್ಬ ಹೊತ್ತವರಲ್ಲಿ ನನಗೆ ಹೆಸರು ಗೊತ್ತಿರೋರು ಹನ್ನೊಂದು ಜನ. ಅವರ ಹೆಸರು ನಾನು ಹೇಳ್ತೀನಿ, ಮಕ್ಕಳು ಬರೆದುಕೊಳ್ಳಲಿ. ನಾನು ಹೊಲದ ಕೆಲಸ ಆ ವಾರಕ್ಕೆ ಮುಂಚೆಯೇ ಮುಗಿಸಿಕೊಂಡಿರ್ತೀನಿ.