ಒತ್ತಡಕ್ಕೆ ಬಣ್ಣ ಬದಲಿಸುವ ಸ್ಫಟಿಕಗಳು: ವಂಶಾವಳಿಯ ಒಂದು ಪ್ರಶ್ನೆ

ಅರೆದಾಗ ಅಥವಾ ಒತ್ತಿದಾಗ ತಮ್ಮ ಪ್ರತಿದೀಪ್ತಿಯ ಬಣ್ಣವನ್ನು ಬದಲಿಸುವ ಸಾವಯವ ಸ್ಫಟಿಕಗಳ ಚರಿತ್ರೆಯನ್ನು ಫ್ರಾನ್ಸಿಸ್ ಬೇಕನ್‌ನಿಂದ ಆರಂಭಿಸುವ ಆಸೆ ಸಹಜವಾದುದು. 1620ರ 'ನೋವಮ್ ಆರ್ಗನಮ್' ಕೃತಿಯಲ್ಲಿ ಆತನು ಗಟ್ಟಿ ಸಕ್ಕರೆಯನ್ನು ಕತ್ತಲೆಯಲ್ಲಿ ಕೆರೆದಾಗ ಬೆಳಕು ಮಿನುಗುವುದನ್ನು ದಾಖಲಿಸಿದ್ದಾನೆ. 1663ರಲ್ಲಿ ರಾಬರ್ಟ್ ಬಾಯ್ಲ್ ಉಜ್ಜಿದ ವಜ್ರದ ಹೊಳಪನ್ನು ಪರೀಕ್ಷಿಸಿದನು. ಆದರೂ ಈ ವಂಶಾವಳಿಯನ್ನು ಒಪ್ಪುವುದು ಕಷ್ಟ. ಒಂದೇ ಆಶಯವು ಎರಡು ಕಥೆಗಳಲ್ಲಿ ಕಂಡ ಮಾತ್ರಕ್ಕೆ ಅವು ಒಂದೇ ಮೂಲದವೆಂದು ಜಾನಪದ ಅಧ್ಯಯನವು ನಿರ್ಣಯಿಸುವುದಿಲ್ಲ. ಇಲ್ಲಿಯೂ ಅದೇ ಎಚ್ಚರ ಬೇಕು.

ಸಕ್ಕರೆಯ ಹರಳು ಒಡೆಯುವಾಗ ಬಿರುಕಿನ ಎರಡು ಬದಿಗಳಲ್ಲಿ ವಿರುದ್ಧ ವಿದ್ಯುದಾವೇಶಗಳು ಬೇರ್ಪಡುತ್ತವೆ. ಅವುಗಳ ನಡುವಣ ವಿಸರ್ಜನೆಯಿಂದ ಗಾಳಿಯಲ್ಲಿರುವ ಸಾರಜನಕವು ಬೆಳಗುತ್ತದೆ. ಒಡೆಯುವುದು ನಿಂತೊಡನೆ ಬೆಳಕೂ ಆರುತ್ತದೆ. ಪ್ರಸ್ತುತ ಸ್ಫಟಿಕಗಳ ರೀತಿಯೇ ಬೇರೆ. ಅವು ಹೊಳೆಯಲು ಹೊರಗಿನಿಂದ ಅತಿನೇರಳೆ ಕಿರಣ ಬೀಳಬೇಕು. ಒತ್ತಡವು ಅಣುಗಳನ್ನು ಮುರಿಯುವುದಿಲ್ಲ, ಅವುಗಳ ಜೋಡಣೆಯನ್ನು ಕದಲಿಸುತ್ತದೆ. ನೆರೆಯ ಅಣುಗಳ ಸಂಬಂಧ ಬದಲಾದಂತೆ ಹೊಮ್ಮುವ ಬಣ್ಣವೂ ಬದಲಾಗುತ್ತದೆ. ಕೈ ತೆಗೆದ ಮೇಲೂ ಗುರುತು ಉಳಿಯುತ್ತದೆ. ಆದ್ದರಿಂದ ಇವುಗಳ ಹಿರಿಯನನ್ನು ಹುಡುಕಬೇಕಾದುದು ಬೇಕನ್‌ನಲ್ಲಲ್ಲ. ಅತಿನೇರಳೆ ಕಿರಣವನ್ನು 1801ರಲ್ಲಿ ಗುರುತಿಸಿದ ರಿಟ್ಟರ್, 1852ರಲ್ಲಿ ಪ್ರತಿದೀಪ್ತಿಯನ್ನು ವಿವರಿಸಿ ಅದಕ್ಕೆ ಹೆಸರಿತ್ತ ಸ್ಟೋಕ್ಸ್, ಇವರಲ್ಲಿ. ಬೇಕನ್‌ನ ಕೈಗೆ ಇಂತಹ ಹರಳು ಸಿಕ್ಕಿದ್ದರೂ ಅವನ ಕತ್ತಲೆಯ ಕೋಣೆಯಲ್ಲಿ ಅದು ಕತ್ತಲೆಯಾಗಿಯೇ ಇರುತ್ತಿತ್ತು.

2008ರಲ್ಲಿ ಜಪಾನಿನ ಹಜಿಮೆ ಇಟೊ ಮತ್ತು ಸಂಗಡಿಗರು ವರ್ಣಿಸಿದ ಸಂಯುಕ್ತವೊಂದು ಅರೆದಾಗ ನೀಲಿ ಹೊಳಪನ್ನು ಬಿಟ್ಟು ಹಳದಿಯಾಗಿ, ದ್ರಾವಕ ತಾಗಿದಾಗ ಮರಳಿ ನೀಲಿಯಾಗುತ್ತಿತ್ತು. ಅದರಲ್ಲಿ ಚಿನ್ನವಿತ್ತು; ಶುದ್ಧ ಸಾವಯವವೆನ್ನಲಾಗದು. ಲೋಹವಿಲ್ಲದ ಉದಾಹರಣೆಯನ್ನು 2010ರಲ್ಲಿ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಕಸಾಂಡ್ರಾ ಫ್ರೇಸರ್ ಅವರ ತಂಡ ಪ್ರಕಟಿಸಿತು. ಬಿಸಿಲಿನಿಂದ ಚರ್ಮವನ್ನು ಕಾಯುವ ಲೇಪನಗಳಲ್ಲಿ ಬಳಕೆಯಾಗುವ ಅವೊಬೆಂಜೋನ್‌ಗೆ ಬೋರಾನ್ ಮತ್ತು ಫ್ಲೋರಿನ್ ಸೇರಿಸಿ ಪಡೆದ ವಸ್ತುವದು. ಒಂದೇ ಅಣು ಬೇರೆ ಬೇರೆ ಬಗೆಯಲ್ಲಿ ಸ್ಫಟಿಕಗೊಂಡು ಒಂದೆಡೆ ಹಸಿರಾಗಿ, ಇನ್ನೊಂದೆಡೆ ಹಸಿರುನೀಲಿಯಾಗಿ ಹೊಳೆಯಿತು. ಒಂದೇ ಕಥೆಯ ಎರಡು ಪಾಠಗಳೆನ್ನಬಹುದು. ಗೀಚಿದಾಗ ಬದಲಾದ ಬಣ್ಣವು ಕ್ರಮೇಣ ತಾನಾಗಿಯೇ ಹಿಂದಿರುಗುತ್ತಿತ್ತು.

ಇದೇ ವಸ್ತುವಿನ ಮುಂದಿನ ಅಧ್ಯಯನದಲ್ಲಿ ಬೆಂಗಳೂರಿಗೂ ಪಾಲುಂಟು. 2013ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಫ್ರೇಸರ್ ಹಾಗೂ ಕೋಲ್ಕತ್ತದ ಸಿ. ಮಲ್ಲಾ ರೆಡ್ಡಿಯವರೊಂದಿಗೆ ಭಾರತೀಯ ವಿಜ್ಞಾನ ಸಂಸ್ಥೆಯ ಯು. ರಾಮಮೂರ್ತಿ ಸಹಲೇಖಕರಾಗಿದ್ದರು. ಸ್ಫಟಿಕದ ಪದರಗಳು ಒಂದರ ಮೇಲೊಂದು ಜಾರುವ ಸ್ವಭಾವಕ್ಕೂ ಬಣ್ಣದ ಬದಲಾವಣೆಗೂ ಇರುವ ಸಂಬಂಧವನ್ನು ಅದು ಶೋಧಿಸಿತು.